ಪರ್ವತ ಪ್ರವಾಸದ ಅಪಾಯ: ಅಳೆಯಲು ಕಲಿತದ್ದು, ನಿಭಾಯಿಸಲು ಉಳಿದದ್ದು

ಪರ್ವತ ಪ್ರವಾಸದ ಅಪಾಯವನ್ನು ಅಳೆಯುವ ವಿದ್ಯೆ ಬೆಳೆದದ್ದು ಆಲ್ಪ್ಸ್‌ನ ಹಿಮದಲ್ಲಿ. ಸ್ವಿಟ್ಜರ್‌ಲೆಂಡಿನ ದಾವೋಸ್‌ ಊರಿನ ಮೇಲಿನ ಶಿಖರದಲ್ಲಿ 1940ರ ದಶಕದ ಆರಂಭಕ್ಕೆ ಹಿಮ ಮತ್ತು ಹಿಮಕುಸಿತದ ಅಧ್ಯಯನಕ್ಕೆಂದೇ ಸಂಸ್ಥೆಯೊಂದು ನೆಲೆಗೊಂಡಿತು. 1945ರಿಂದ ಅದು ಮುನ್ಸೂಚನೆ ಹೊರಡಿಸುತ್ತಿದೆ. 1950–51ರ ಚಳಿಗಾಲದ ಹಿಮಕುಸಿತಗಳಲ್ಲಿ ಆ ದೇಶದ 98 ಜನ ಸತ್ತರು. ಎಲ್ಲಿ ಮನೆ ಕಟ್ಟಬಹುದು, ಎಲ್ಲಿ ಕೂಡದು ಎಂದು ಬಣ್ಣಗಳಲ್ಲಿ ತೋರಿಸುವ ಅಪಾಯ ನಕ್ಷೆಗಳು ಆ ಆಘಾತದ ಫಲ. 1993ರಲ್ಲಿ ಯುರೋಪಿನ ದೇಶಗಳು ಐದು ಹಂತಗಳ ಒಂದೇ ಅಪಾಯಮಾಪಕವನ್ನು ಒಪ್ಪಿಕೊಂಡವು. ಭಾರತವೂ ಹಿಂದುಳಿಯಲಿಲ್ಲ; 1969ರಲ್ಲಿ ಮನಾಲಿಯಲ್ಲಿ ರಕ್ಷಣಾ ಸಂಶೋಧನೆಯ ಭಾಗವಾಗಿ ಹಿಮಕುಸಿತ ಅಧ್ಯಯನ ಸಂಸ್ಥೆ ಸ್ಥಾಪನೆಯಾಯಿತು.

ಈ ಮೊದಲ ಘಟ್ಟದ ಪ್ರಶ್ನೆ ಒಂದೇ: ಬೆಟ್ಟ ಎಲ್ಲಿ, ಯಾವಾಗ ಕುಸಿಯುತ್ತದೆ? ಆ ಪ್ರಶ್ನೆಯ ಮಿತಿ ಗೊತ್ತಾದದ್ದು 1999ರ ಫೆಬ್ರವರಿ 23ರಂದು. ಆಸ್ಟ್ರಿಯಾದ ಗಾಲ್ಟ್ಯೂರ್ ಎಂಬ ಪ್ರವಾಸಿ ಹಳ್ಳಿಯಲ್ಲಿ, ಸುರಕ್ಷಿತವೆಂದು ಗುರುತಿಸಿದ್ದ ವಲಯಕ್ಕೂ ಹಿಮ ನುಗ್ಗಿ 31 ಜನ ಸತ್ತರು. ದಿನಗಟ್ಟಲೆ ರಸ್ತೆ ಮುಚ್ಚಿದ್ದರಿಂದ ಪ್ರವಾಸಿಗರು ಹಳ್ಳಿಯಲ್ಲೇ ಸಿಕ್ಕಿಕೊಂಡಿದ್ದರು. ನೈಸರ್ಗಿಕ ಘಟನೆ, ಅದರ ದಾರಿಗೆ ಸಿಕ್ಕುವ ಜನ, ಆ ಜನರ ದುರ್ಬಲತೆ: ಈ ಮೂರೂ ಕೂಡಿದಾಗಲೇ ಅಪಾಯ ಎಂಬ ಸೂತ್ರ ವಿಪತ್ತು ಶಾಸ್ತ್ರದಲ್ಲಿ ಮೊದಲೇ ಇತ್ತು. ಪ್ರವಾಸೋದ್ಯಮ ಅದನ್ನು ಗಂಭೀರವಾಗಿ ತೆಗೆದುಕೊಂಡದ್ದು ತಡವಾಗಿ. ಪ್ರವಾಸಿ ತಾಣಗಳ ವಿಪತ್ತು ನಿರ್ವಹಣೆಗೆ ಹಂತಹಂತದ ಚೌಕಟ್ಟೊಂದನ್ನು ಆಸ್ಟ್ರೇಲಿಯಾದ ವಿದ್ವಾಂಸ ಬಿಲ್ ಫಾಕ್ನರ್ ಮುಂದಿಟ್ಟದ್ದು 2001ರಲ್ಲಿ.

ಅಷ್ಟರಲ್ಲಿ ಅಧ್ಯಯನ ಬೆಟ್ಟದಿಂದ ಮನುಷ್ಯನ ಮನಸ್ಸಿಗೆ ಹೊರಳಿತ್ತು. ಸ್ವಿಸ್ ಪರ್ವತ ಮಾರ್ಗದರ್ಶಿ ವೆರ್ನರ್ ಮುಂಟರ್ 1990ರ ದಶಕದಲ್ಲಿ ಯಾರಾದರೂ ಬಳಸಬಹುದಾದ ನಿಯಮ ಕೊಟ್ಟರು: ಅಪಾಯಮಾಪಕದ ಹಂತ ಎರಡಿದ್ದರೆ 40 ಡಿಗ್ರಿಗಿಂತ ಕಡಿದಾದ ಇಳಿಜಾರು ಬೇಡ, ಮೂರಿದ್ದರೆ 35, ನಾಲ್ಕಿದ್ದರೆ 30. ಅಮೆರಿಕದ ಇಯಾನ್ ಮೆಕ್‌ಕ್ಯಾಮನ್ ಏಳುನೂರಕ್ಕೂ ಹೆಚ್ಚು ಹಿಮಕುಸಿತ ಅಪಘಾತಗಳನ್ನು ಪರಿಶೀಲಿಸಿ, ಕಣ್ಣೆದುರೇ ಅಪಾಯದ ಕುರುಹುಗಳಿದ್ದರೂ ಜನ ಮುಂದೆ ಹೋದದ್ದೇಕೆಂದು ವಿವರಿಸಿದರು. ಪರಿಚಿತ ದಾರಿ ಎಂಬ ನಂಬಿಕೆ, ಹಿಡಿದ ಗುರಿ ಬಿಡಬಾರದೆಂಬ ಹಟ, ಇತರರೂ ಹೋಗುತ್ತಿದ್ದಾರಲ್ಲ ಎಂಬ ಧೈರ್ಯ, ಮುಂದಾಳಿಗೆ ಎಲ್ಲ ಗೊತ್ತೆಂಬ ಭರವಸೆ ಇವು ಆ ಕಾರಣಗಳಲ್ಲಿ ಮುಖ್ಯ. ನಮ್ಮ ಚಾರಣ ತಂಡಗಳಿಗೂ ಇವು ಚೆನ್ನಾಗಿ ಗೊತ್ತಿರುವ ಮನಃಸ್ಥಿತಿಗಳೇ.

ಭಾರತದಲ್ಲಿ ಅಪಾಯದ ಸಮಸ್ಯೆ ಜನಸಂದಣಿಯ ರೂಪದಲ್ಲಿ ಎದುರಾಯಿತು, ಏಕೆಂದರೆ ಇಲ್ಲಿ ಪರ್ವತ ಪ್ರವಾಸದ ಬಹುಪಾಲು ಯಾತ್ರೆ. 1996ರ ಆಗಸ್ಟ್‌ನಲ್ಲಿ ಅಮರನಾಥದ ದಾರಿಯಲ್ಲಿ ಹಿಮಬಿರುಗಾಳಿಗೆ ಇನ್ನೂರಕ್ಕೂ ಹೆಚ್ಚು ಯಾತ್ರಿಕರು ಬಲಿಯಾದರು. ಆಮೇಲೆ ನೇಮಕವಾದ ಸಮಿತಿ ಯಾತ್ರಿಕರ ಸಂಖ್ಯೆಗೆ ಮಿತಿ ಇರಬೇಕೆಂದಿತು. ಈಗ ಅಲ್ಲಿ ಆರೋಗ್ಯ ಪ್ರಮಾಣಪತ್ರವಿಲ್ಲದೆ ನೋಂದಣಿಯಿಲ್ಲ. 2013ರ ಜೂನ್‌ನಲ್ಲಿ ಕೇದಾರನಾಥದ ಮೇಲಿನ ಚೋರಾಬಾರಿ ಕೆರೆ ಒಡೆದಾಗ ದಾರಿಯಲ್ಲಿ ಎಷ್ಟು ಜನರಿದ್ದರೆಂಬ ಲೆಕ್ಕ ಯಾರ ಬಳಿಯೂ ಇರಲಿಲ್ಲ. ಸತ್ತವರು, ಕಾಣೆಯಾದವರು ಐದು ಸಾವಿರ ಮೀರಿದರು. ಮರುವರ್ಷವೇ ಯಾತ್ರಿಕರ ನೋಂದಣಿ ಶುರುವಾಯಿತು.

ನೋಂದಣಿ ಎಷ್ಟು ಜನ ಹೋದರೆಂದು ಹೇಳುತ್ತದೆ. ಯಾವಾಗ ತಡೆಯಬೇಕೆಂದು ಹೇಳುವುದಿಲ್ಲ. ಎಚ್ಚರಿಕೆಯಿಂದ ತಡೆಯವರೆಗಿನ ಕೊನೆಯ ಕೊಂಡಿ ಕಳಚುವುದು ಇಲ್ಲಿ. ವಯನಾಡಿನಲ್ಲಿ 2024ರ ಜುಲೈ 30ರ ಭೂಕುಸಿತಕ್ಕೆ ಮುನ್ನಾದಿನವೇ ಕಲ್ಪೆಟ್ಟದ ಹ್ಯೂಮ್ ಎಂಬ ಪರಿಸರ ಅಧ್ಯಯನ ಕೇಂದ್ರ ತನ್ನ ಮಳೆಮಾಪಕಗಳ ಆಧಾರದ ಮೇಲೆ ಎಚ್ಚರಿಸಿತ್ತು. ಆದರೂ ಮುಂಡಕೈ, ಚೂರಲ್‌ಮಲದ ಜನರನ್ನು ಪೂರ್ಣವಾಗಿ ತೆರವು ಮಾಡಲಿಲ್ಲ. ಅದೇ ವರ್ಷದ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್‌ನಲ್ಲಿ, ಕರ್ನಾಟಕದವರೇ ಹೆಚ್ಚಿದ್ದ 22 ಜನರ ತಂಡ ಕೆಟ್ಟ ಹವಾಮಾನಕ್ಕೆ ಸಿಲುಕಿ 9 ಮಂದಿ ಪ್ರಾಣ ಕಳೆದುಕೊಂಡರು.

ಹೊಸ ಘಟ್ಟದ ಪ್ರಯತ್ನಗಳು ಈ ಕೊಂಡಿಯನ್ನೇ ಹಿಡಿದಿವೆ. 2024ರಿಂದ ಜಪಾನಿನ ಫೂಜಿಯ ಯೋಶಿದಾ ದಾರಿಗೆ ದಿನಕ್ಕೆ 4,000 ಜನರ ಮಿತಿಯಿದೆ, ಮಧ್ಯಾಹ್ನದ ಮೇಲೆ ಮುಚ್ಚುವ ಗೇಟಿದೆ. ಊಟಿ, ಕೊಡೈಕೆನಾಲ್‌ಗೆ ಮದ್ರಾಸ್ ಹೈಕೋರ್ಟ್ ಆದೇಶದಂತೆ ಇ–ಪಾಸ್ ಬಂದಿದೆ. ಕುಮಾರ ಪರ್ವತದಲ್ಲಿ 2024ರ ಜನವರಿಯಲ್ಲಿ ಚಾರಣಿಗರು ಮುಗಿಬಿದ್ದ ನಂತರ ಕರ್ನಾಟಕದ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ 2020ರಿಂದ ಡಾರ್ಜಿಲಿಂಗ್, ಕಾಲಿಂಪಾಂಗ್, ನೀಲಗಿರಿ ಜಿಲ್ಲೆಗಳಿಗೆ ಭೂಕುಸಿತದ ಮುನ್ಸೂಚನೆ ಕೊಡುತ್ತಿದೆ. ಆದರೆ ಸಂಖ್ಯೆಯ ಮಿತಿ ಮತ್ತು ಮಳೆಯ ಮುನ್ಸೂಚನೆ ಇಂದಿಗೂ ಬೇರೆಬೇರೆ ಇಲಾಖೆಗಳ ಕಡತಗಳಲ್ಲಿವೆ. ಇಷ್ಟು ಮಿಲಿಮೀಟರ್ ಮಳೆಯಾದರೆ ಈ ದಾರಿ ತಾನಾಗಿ ಬಂದ್ ಎಂಬ ನಿಯಮ, ಬಂದ್ ಮಾಡುವ ಅಧಿಕಾರವಿರುವ ಒಬ್ಬ ಅಧಿಕಾರಿ, ಬುಕಿಂಗ್ ಹಣ ವಾಪಸಾಗುವ ಖಾತರಿ: ಈ ಮೂರೂ ಒಟ್ಟಿಗೆ ಜಾರಿಯಾಗಬೇಕು. ಹಣ ಮುಳುಗುತ್ತದೆಂಬ ಭಯವೂ ಎಷ್ಟೋ ಜನರನ್ನು ಮಳೆಯಲ್ಲೇ ಬೆಟ್ಟ ಹತ್ತಿಸುತ್ತದೆ.

ಅಲ್ಲಿಯವರೆಗೆ ಚಾರಣಕ್ಕೆ ಹೆಸರು ಕೊಡುವ ಮುನ್ನ ಆಯೋಜಕರನ್ನು ಒಂದು ಪ್ರಶ್ನೆ ಕೇಳಿ: ಯಾವ ಸ್ಥಿತಿಯಲ್ಲಿ ನೀವು ತಂಡವನ್ನು ಹಿಂದಕ್ಕೆ ಕರೆತರುತ್ತೀರಿ? ಸ್ಪಷ್ಟ ಉತ್ತರ ಸಿಗದಿದ್ದರೆ ಆ ತಂಡದ ಜೊತೆ ಹೋಗಬೇಡಿ.