ಹರಳುಬೀಜದ ವಿಷವೂ ಕೋಶಪೊರೆಯ ಪ್ರೋಟೀನೂ

ಶಿವಗಂಗೆಯ ಸುತ್ತಣ ರಾಗಿಹೊಲಗಳಲ್ಲಿ ಅಕ್ಕಡಿಯಾಗಿ ಬೆಳೆಯುವ ಹರಳುಗಿಡದ ಬೀಜದಲ್ಲಿ ರಿಸಿನ್ ಎಂಬ ಘೋರವಿಷವುಂಟು. ಜೀವಕೋಶಶಾಸ್ತ್ರದ ಇತಿಹಾಸದಲ್ಲಿ ಇದಕ್ಕೊಂದು ಸ್ಥಾನವಿದೆ.

ಕಣ್ಣಿನಲ್ಲಿ ಬೆಳಕನ್ನು ಗ್ರಹಿಸುವ ರೊಡಾಪ್ಸಿನ್, ಕೋಶಪೊರೆಯಲ್ಲಿ ನೆಲಸಿದ ಪ್ರೋಟೀನು. ಇರುಳುಗುರುಡನ್ನು ತರುವ ಅದರ ವಿಕೃತರೂಪಗಳನ್ನು ದನದ ಕಣ್ಣಿನಿಂದ ಪಡೆಯಲಾಗದು, ಸಸ್ತನಿಕೋಶಗಳಲ್ಲಿ ತಯಾರಿಸಬಹುದು. ಆದರೆ ಆ ಕೋಶಗಳು ಅಂಟಿಸುವ ಸಕ್ಕರೆಸರಗಳು ಅಣುವಿನಿಂದ ಅಣುವಿಗೆ ಭಿನ್ನವಾಗಿ, ಸ್ಫಟಿಕೀಕರಣಕ್ಕೆ ತೊಡಕಾಗುತ್ತಿದ್ದುವು.

2002ರಲ್ಲಿ ಫಿಲಿಪ್ ರೀವ್ಸ್, ಹರಗೋಬಿಂದ ಖೊರಾನಾ ಮೊದಲಾದವರು ಮಾನವ ಮೂತ್ರಪಿಂಡಮೂಲದ ಕೋಶಗಳನ್ನು ರಾಸಾಯನಿಕದಿಂದ ವಿಕೃತಿಗೊಳಿಸಿ ರಿಸಿನ್ನಿಗೆ ಒಡ್ಡಿದ ಪ್ರಯೋಗವನ್ನು ಪ್ರಕಟಿಸಿದರು. ಆ ವಿಷವು ಕೋಶದ ಮೇಲಣ ಗ್ಯಾಲಕ್ಟೋಸನ್ನು ಹಿಡಿದು ಒಳಹೊಗುವುದು. ಸಂಕೀರ್ಣ ಸಕ್ಕರೆಸರವನ್ನು ಕಟ್ಟಲಾರದ ಕೋಶಗಳು ಬದುಕಿದುವು. ಅವುಗಳಿಂದ ಏಕರೂಪದ ರೊಡಾಪ್ಸಿನ್ ಹೇರಳವಾಗಿ ದೊರೆಯಿತು.

ಕೋಶದ ಒಂದು ಶಕ್ತಿಯನ್ನು ಕಳೆದುದೇ ಉತ್ಪಾದನೆಯ ಗುಣವನ್ನು ಹೆಚ್ಚಿಸಿತೆಂಬುದು ಗಮನಾರ್ಹವಾಗಿದೆ.