ಅಯ್ಯಾವೊಳೆಯ ಐನೂರ್ವರು

ಅರಸರ ದಂಡಯಾತ್ರೆಗಳನ್ನು ಚರಿತ್ರೆಯ ಗ್ರಂಥಗಳು ವಿಸ್ತಾರವಾಗಿ ವರ್ಣಿಸುವುವು. ಹೇರೆತ್ತಿನ ಹಿಂದೆ ನಡೆದ ವರ್ತಕನ ಹೆಜ್ಜೆಗಳನ್ನು ಎಣಿಸುವವರು ವಿರಳ. ಆದರೆ ಮಧ್ಯಯುಗದಲ್ಲಿ ದೇವರು, ನುಡಿ, ನಡಾವಳಿಗಳು ಒಂದು ನಾಡಿನಿಂದ ಮತ್ತೊಂದಕ್ಕೆ ಸಾಗಿದುದು ಕತ್ತಿಗಿಂತ ಹೆಚ್ಚಾಗಿ ತಕ್ಕಡಿಯೊಡನೆಯೇ ಎಂಬುದಕ್ಕೆ ಅಯ್ಯಾವೊಳೆಯ ಐನೂರ್ವರ ವೃತ್ತಾಂತವು ಉತ್ತಮ ನಿದರ್ಶನವಾಗಿದೆ.

ಅಯ್ಯಾವೊಳೆಯೆಂದರೆ ಬಾಗಲಕೋಟೆ ಜಿಲ್ಲೆಯ ಐಹೊಳೆ. ಈ ಊರಿನ ಹೆಸರನ್ನು ತಳೆದ ವರ್ತಕಸಂಘವು ಕಾಲಕ್ರಮದಲ್ಲಿ ದಕ್ಷಿಣಾಪಥವನ್ನೆಲ್ಲ ವ್ಯಾಪಿಸಿತು. ಶಿಕಾರಿಪುರ ತಾಲೂಕಿನ 11ನೆಯ ಶತಮಾನದ ಶಾಸನವೊಂದು, ಈ ವರ್ತಕರು ನೆಲದ ದಾರಿಯಲ್ಲಿಯೂ ಜಲದ ದಾರಿಯಲ್ಲಿಯೂ ಸಂಚರಿಸಿ ಆನೆ, ಕುದುರೆ, ರತ್ನ, ಏಲಕ್ಕಿ, ಲವಂಗ, ಕರ್ಪೂರ, ಕಸ್ತೂರಿಗಳನ್ನು ಮಾರುತ್ತಿದ್ದರೆಂದು ಬಣ್ಣಿಸುವುದು. ಐಹೊಳೆಯನ್ನು ಕಣ್ಣಾರೆ ಕಾಣದವರೂ ಆ ಊರಿನ ದೇವಿಯ ಮಕ್ಕಳೆಂದು ಹೇಳಿಕೊಳ್ಳುತ್ತಿದ್ದರು.

ಇದಕ್ಕೆ ಕಾರಣವು ಭಕ್ತಿಯೊಂದೇ ಅಲ್ಲ. ದೂರದೇಶದ ವ್ಯಾಪಾರಕ್ಕೆ ಸಾಲ ಬೇಕು. ಸಾಲಕ್ಕೆ ನಂಬಿಕೆ ಬೇಕು. ಅಪರಿಚಿತರಲ್ಲಿ ನಂಬಿಕೆ ಹುಟ್ಟಬೇಕಾದರೆ ಒಂದೇ ದೇವರ ಮುಂದೆ ಒಂದೇ ಕಟ್ಟಳೆಗೆ ತಲೆಬಾಗಬೇಕು. ಅಲ್ಲದೆ, ಹಡಗುಗಳು ಮಾರುತದ ದಿಕ್ಕು ಬದಲಾಗುವವರೆಗೆ ಪರದೇಶದ ರೇವಿನಲ್ಲಿ ತಿಂಗಳುಗಟ್ಟಲೆ ಕಾಯಬೇಕಾಗಿತ್ತು. ಕಾಯುವವರಿಗೆ ಬಿಡಾರ ಬೇಕಾಯಿತು. ಬಿಡಾರದ ಬಳಿಯಲ್ಲಿ ಗುಡಿಯೆದ್ದಿತು. ಗುಡಿಯೊಡನೆ ಅರ್ಚಕನೂ ಲಿಪಿಕಾರನೂ ಶಿಲ್ಪಿಯೂ ಬಂದರು.

ಚೋಳ ರಾಜೇಂದ್ರನ ನೌಕಾಸೈನ್ಯವು 1025ರ ಸುಮಾರಿಗೆ ಶ್ರೀವಿಜಯದ ರೇವುಗಳನ್ನು ಸೂರೆಗೊಂಡು ಹಿಂದಿರುಗಿತು. ಕರ್ಪೂರಕ್ಕೆ ಹೆಸರಾದ ಸುಮಾತ್ರಾದ ಬಾರೂಸಿನಲ್ಲಿಯಾದರೋ 1088ರಲ್ಲಿ ಐನೂರ್ವರು ನಿಲ್ಲಿಸಿದ ತಮಿಳು ಶಾಸನವು ದೊರೆತಿದೆ. ಸೈನ್ಯವು ಮರಳಿದ ಮೇಲೆಯೂ ವರ್ತಕನು ಆ ತೀರವನ್ನು ಬಿಡಲಿಲ್ಲ.

ಬರ್ಮಾದೇಶದ ಪಗಾನಿನ 13ನೆಯ ಶತಮಾನದ ಶಾಸನವು ಇನ್ನೂ ಸ್ವಾರಸ್ಯವಾದುದು. ಬೌದ್ಧರಾಜರ ಆ ರಾಜಧಾನಿಯಲ್ಲಿ ನಾನಾದೇಶಿ ವರ್ತಕರ ಹೆಸರಿನ ವಿಷ್ಣುಗೃಹವೊಂದಿತ್ತು. ಕೇರಳದ ಮಹೋದಯಪುರದಿಂದ ಬಂದವನೊಬ್ಬನು ಅದಕ್ಕೆ ಮಂಟಪವನ್ನು ಕಟ್ಟಿಸಿ, ಬಾಗಿಲನ್ನೂ ದೀಪವನ್ನೂ ಕೊಟ್ಟನು. ಶಾಸನದ ಮೊದಲಿಗೆ ಕುಲಶೇಖರನ ಮುಕುಂದಮಾಲೆಯ ಸಂಸ್ಕೃತಶ್ಲೋಕ. ಮುಂದಿನ ಗದ್ಯ ತಮಿಳಿನಲ್ಲಿ. ಕೇರಳದ ದಾನಿ, ತಮಿಳಿನ ಬರಹ, ಸಂಸ್ಕೃತದ ಸ್ತುತಿ, ಬರ್ಮಾದ ನೆಲ: ಇವು ನಾಲ್ಕೂ ಒಂದೇ ಕಲ್ಲಿನಲ್ಲಿ ಕೂಡಿವೆ. ಯಾವ ರಾಜಾಜ್ಞೆಯೂ ಆ ಶ್ಲೋಕವನ್ನು ಕಡಲು ದಾಟಿಸಿದುದಲ್ಲ.

ಹಾಗೆಂದು ಈ ವರ್ತಕರನ್ನು ಕೇವಲ ಸಾಧುಗಳೆಂದು ಕೊಂಡಾಡುವುದು ಯುಕ್ತವಲ್ಲ. ಅವರು ಆಯುಧಧಾರಿಗಳ ಪಡೆಗಳನ್ನು ಸಾಕಿದ್ದರು. ಲಾಭವೇ ಅವರ ಮೊದಲ ಗುರಿಯಾಗಿತ್ತು. ಸಂಘದ ಹೆಸರು ಕನ್ನಡನಾಡಿನ ಊರಿನದೆಂಬ ಮಾತ್ರಕ್ಕೆ ಆ ಕೀರ್ತಿಯೆಲ್ಲ ಕನ್ನಡಿಗರದೆನ್ನುವುದೂ ಸಲ್ಲದು. ಕಡಲಾಚೆಯ ಈ ಎರಡು ಶಾಸನಗಳ ನುಡಿಯೇ ಅದಕ್ಕೆ ಅಡ್ಡಿ. ಒಂದೇ ಕುಲ, ಒಂದೇ ಭಾಷೆ, ಒಂದೇ ಮತದ ಸೊತ್ತಾಗಿದ್ದರೆ ಆ ಸಂಘವು ಅಷ್ಟು ದೂರ ಬೆಳೆಯುತ್ತಿರಲಿಲ್ಲ. ಜಿನ, ಶಿವ, ವಿಷ್ಣು ಎಂಬ ಭೇದವನ್ನೆಣಿಸದೆ ದಾನಮಾಡಿದವರು ಅವರು.

ಮಲಪ್ರಭೆಯ ಬಳಿಯ ಐಹೊಳೆಗೆ ಹೋದವರು ಗುಡಿಗಳ ಶಿಲ್ಪವನ್ನು ಕಂಡು ಬೆರಗಾಗಿ ಮರಳುವರು. ಆ ಊರಿನ ಹೆಸರು ಒಮ್ಮೆ ನೂರಾರು ಹರಿದಾರಿಯಾಚೆ, ಗುರುತಿಲ್ಲದ ಇಬ್ಬರ ನಡುವೆ ನಂಬಿಕೆಯ ಮುದ್ರೆಯಾಗಿತ್ತೆಂಬುದನ್ನೂ ನೆನೆದರೆ ಅವರ ಯಾತ್ರೆಯು ಪೂರ್ಣವಾಗುವುದು.