ದುಃಖದ ಮನೆಗೆ ನೆರೆಹೊರೆ: ಬ್ರಿಟನ್ನಿನ ಇತಿಹಾಸದಿಂದ ಕೆಲವು ಪುಟಗಳು

ನಮ್ಮ ಊರುಗಳಲ್ಲಿ ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಯಾರೂ ಹೇಳಿಕಳುಹಿಸಬೇಕಾಗಿಲ್ಲ, ಪಕ್ಕದ ಮನೆಯಿಂದ ಅನ್ನ, ಸಾರು ಬರುತ್ತದೆ. ಎದುರು ಮನೆಯವರು ಮಕ್ಕಳನ್ನು ಕರೆದೊಯ್ದು ಊಟ ಮಾಡಿಸಿ ಮಲಗಿಸುತ್ತಾರೆ. ಹದಿಮೂರು ದಿನ ಮನೆ ತುಂಬ ಜನ. ಹಾಸಿಗೆ ಹಿಡಿದ ಅಜ್ಜಿಯ ಆರೈಕೆಗೆ ಮಗಳು, ಸೊಸೆ, ಓರಗಿತ್ತಿಯರು ಸರದಿಯಂತೆ ನಿಲ್ಲುತ್ತಿದ್ದರು.

ಈ ದೇಶಕ್ಕೆ ಬಂದ ಹೊಸದರಲ್ಲಿ ನಾವು ಕಂಡದ್ದೇ ಬೇರೆ. ಅಂತ್ಯಕ್ರಿಯೆಗೆ ದಿನ ಸಿಗಲು ಒಂದೆರಡು ವಾರ ಕಾಯಬೇಕು. ನೆರೆಯವರು ಬಾಗಿಲಲ್ಲಿ ಒಂದು ಕಾರ್ಡು ಇಟ್ಟು ಮೌನವಾಗಿ ಹೋಗುತ್ತಾರೆ. 'ಇವರಿಗೆ ದುಃಖದಲ್ಲಿ ಕೂಡಿಕೊಳ್ಳುವುದು ತಿಳಿಯದು' ಎಂದು ನಾವು ತೀರ್ಮಾನಿಸಿಬಿಟ್ಟೆವು. ಆ ತೀರ್ಮಾನ ಎಷ್ಟು ತಪ್ಪು ಎಂಬುದನ್ನು ಇಲ್ಲಿಯ ಇತಿಹಾಸವೇ ಹೇಳುತ್ತದೆ. ಒಟ್ಟು ಕುಟುಂಬ, ಹಳೆಯ ನೆರೆಹೊರೆ ಸಡಿಲವಾದಾಗ ಇಲ್ಲಿಯ ಜನ ಅದನ್ನು ಕೈಯಾರೆ ಮತ್ತೆ ಕಟ್ಟಿಕೊಂಡರು. ಕಟ್ಟಿದವರು ಬಹುಪಾಲು ನಮ್ಮ ನಿಮ್ಮಂಥವರೇ.

ಮೊದಲನೆಯದು 1959ರ ಮಾತು. ಲಂಡನ್ ಬಳಿಯ ರಿಚ್ಮಂಡ್‌ನಲ್ಲಿ ಮಾರ್ಗರೆಟ್ ಟೋರಿ ಎಂಬ ಮಹಿಳೆ ವಿಧವೆಯರಿಗೂ ಅವರ ಮಕ್ಕಳಿಗೂ ನೆರವಾಗಲು 'ಕ್ರೂಸ್' ಎಂಬ ಸಂಸ್ಥೆ ಆರಂಭಿಸಿದರು. ಬರಗಾಲದಲ್ಲಿ ಒಬ್ಬ ಬಡ ವಿಧವೆಯ ಮನೆಯಲ್ಲಿ ಎಣ್ಣೆ ಬರಿದಾಗದೆ ಉಳಿದ ಕುಡಿಕೆಯ ಕಥೆ ಬೈಬಲ್‌ನಲ್ಲಿದೆ; ಹೆಸರು ಬಂದದ್ದು ಅಲ್ಲಿಂದ. ನಮ್ಮ ಅಕ್ಷಯಪಾತ್ರೆ ನೆನಪಾಗದಿರದು. ಮುಂದೆ ಈ ಸಂಸ್ಥೆ, ಯಾರನ್ನೇ ಕಳೆದುಕೊಂಡವರಿರಲಿ, ಎಲ್ಲರಿಗೂ ತೆರೆದುಕೊಂಡಿತು.

ಎರಡನೆಯದು ಸಿಸಿಲಿ ಸಾಂಡರ್ಸ್ ಅವರ ಸಾಹಸ. ಅವರು 1948ರಲ್ಲಿ ಲಂಡನ್ನಿನ ಆಸ್ಪತ್ರೆಯಲ್ಲಿ, ಪೋಲೆಂಡಿನಿಂದ ಬಂದು ಬಂಧುಗಳಿಲ್ಲದೆ ಸಾಯುತ್ತಿದ್ದ ಡೇವಿಡ್ ಟಾಸ್ಮಾ ಎಂಬ ಯೆಹೂದಿ ರೋಗಿಯನ್ನು ಕಂಡರು. ಸಾಯುವವರಿಗೆ ನೆಮ್ಮದಿಯ ಮನೆಯೊಂದು ಬೇಕೆಂಬ ಮಾತು ಅವರಿಬ್ಬರ ನಡುವೆ ಬಂತು. ಆತ ಆ ಮನೆಯ ಒಂದು ಕಿಟಕಿಗಾಗಿ 500 ಪೌಂಡು ಬಿಟ್ಟುಹೋದ. ಕಿಟಕಿಯ ಸುತ್ತ ಮನೆ ಕಟ್ಟಲು ಸಾಂಡರ್ಸ್ ಅವರಿಗೆ 19 ವರ್ಷ ಹಿಡಿಯಿತು. ಈ ನಡುವೆ ಅವರು ಓದಿ ವೈದ್ಯರೂ ಆದರು. 1967ರಲ್ಲಿ ದಕ್ಷಿಣ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆಯಿತು. ನೋವು ದೇಹಕ್ಕೆ ಮಾತ್ರವಲ್ಲ, ಮನಸ್ಸಿಗೂ, ಮನೆಯವರಿಗೂ ಇದೆ ಎಂದು ಅವರು ತೋರಿಸಿಕೊಟ್ಟರು.

ಆರೈಕೆ ಮಾಡುವವರ ಕಷ್ಟಕ್ಕೆ ದನಿ ಕೊಟ್ಟವರು ಮೇರಿ ವೆಬ್‌ಸ್ಟರ್. ಚರ್ಚಿನಲ್ಲಿ ಧರ್ಮಬೋಧಕಿಯಾಗಿದ್ದ ಅವರು 1954ರಲ್ಲಿ ವೃದ್ಧ ತಂದೆತಾಯಿಗಳಿಗಾಗಿ ಕೆಲಸ ಬಿಟ್ಟರು. ತಮ್ಮಂಥ ಅವಿವಾಹಿತ ಹೆಣ್ಣುಮಕ್ಕಳ ಪಾಡನ್ನು ವಿವರಿಸಿ 1963ರಲ್ಲಿ ಪತ್ರಿಕೆಗಳಿಗೆ ಬರೆದರು. ದೇಶದ ಮೂಲೆಮೂಲೆಗಳಿಂದ 'ನನ್ನದೂ ಇದೇ ಕಥೆ' ಎಂದು ಓಲೆಗಳು ಬಂದವು. 1965ರಲ್ಲಿ ಸಂಘಟನೆ ಹುಟ್ಟಿತು. 1976ರಲ್ಲಿ ಸರ್ಕಾರ ಆರೈಕೆದಾರರಿಗೆ ಭತ್ಯೆ ಜಾರಿಗೆ ತಂದಿತು. ಆದರೆ ವಿವಾಹಿತ ಮಹಿಳೆಯರಿಗೆ ಅದು ಇಲ್ಲ. ಅವರು ಹೇಗೂ ಮನೆಯಲ್ಲೇ ಇರುವವರು ಎಂಬ ವಾದ! ಅಮ್ಮನ ಆರೈಕೆ ಮಾಡುತ್ತಿದ್ದ ಜಾಕ್ಲಿನ್ ಡ್ರೇಕ್ 1986ರಲ್ಲಿ ಐರೋಪ್ಯ ನ್ಯಾಯಾಲಯದಲ್ಲಿ ಗೆದ್ದ ಮೇಲೆ ಆ ಅನ್ಯಾಯ ತೊಲಗಿತು. ಮನೆಯ ಸೊಸೆಯ ದುಡಿಮೆಯನ್ನು ಲೆಕ್ಕಕ್ಕೇ ಹಿಡಿಯದ ನಮಗೂ ಇದರಲ್ಲಿ ಪಾಠವಿದೆ.

ಇನ್ನು ಮಕ್ಕಳ ವಿಷಯ. 1968ರಲ್ಲಿ ಕವೆಂಟ್ರಿಯ ಆಸ್ಪತ್ರೆಯಲ್ಲಿ ಇಬ್ಬರು ಬಾಲಕರು ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ಒಬ್ಬನಿಗೆ ರಸ್ತೆ ಅಪಘಾತ, ಇನ್ನೊಬ್ಬನಿಗೆ ಕ್ಯಾನ್ಸರ್. ಅಲ್ಲಿಯ ಯುವ ಪಾದ್ರಿ ಸೈಮನ್ ಸ್ಟೀಫನ್ಸ್ ಒಂದು ವಿಷಯ ಗಮನಿಸಿದರು: ಆ ಎರಡು ದಂಪತಿಗಳು ಒಬ್ಬರಿಗೊಬ್ಬರು ಕೊಟ್ಟ ಸಾಂತ್ವನವನ್ನು ತಾವು ಕೊಡಲಾರರು. ಒಟ್ಟಿಗೆ ಕುಳಿತು ಚಹಾ ಕುಡಿಯುತ್ತ ಮಗನ ಬಗ್ಗೆ ಮಾತಾಡುವುದು, ಅತ್ತರೆ ಅಳಲು ಬಿಡುವುದು, ಅಷ್ಟೇ. 1969ರಲ್ಲಿ ಅದರಿಂದ ಹುಟ್ಟಿದ 'ಕಂಪ್ಯಾಷನೇಟ್ ಫ್ರೆಂಡ್ಸ್' ಬಳಿಕ ಅನೇಕ ದೇಶಗಳಿಗೆ ಹಬ್ಬಿತು.

1982ರಲ್ಲಿ ಸಿಸ್ಟರ್ ಫ್ರಾನ್ಸಿಸ್ ಡೊಮಿನಿಕಾ ಆಕ್ಸ್‌ಫರ್ಡ್‌ನಲ್ಲಿ ಮಕ್ಕಳ ಹಾಸ್ಪೈಸ್ 'ಹೆಲೆನ್ ಹೌಸ್' ತೆರೆದರು. ಜಗತ್ತಿನಲ್ಲೇ ಅಂಥದು ಮೊದಲನೆಯದು. ತೀವ್ರ ಕಾಯಿಲೆಯ ಹೆಲೆನ್ ಎಂಬ ಪುಟ್ಟ ಹುಡುಗಿಯನ್ನು ಆಗಾಗ ತಾವು ನೋಡಿಕೊಂಡು ಅವಳ ತಂದೆತಾಯಿಗಳಿಗೆ ಬಿಡುವು ಕೊಟ್ಟದ್ದೇ ಅದರ ಬೀಜ. ಮನೆಯವರೆಲ್ಲ ಮಗುವಿನೊಡನೆ ಅಲ್ಲಿ ತಂಗಬಹುದು. ಎಷ್ಟೋ ರಾತ್ರಿ ನಿದ್ದೆಗೆಟ್ಟ ತಾಯಿ ಕಣ್ತುಂಬ ಮಲಗಬಹುದು.

ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡ ಮಕ್ಕಳಿಗಾಗಿ ಗ್ಲಾಸ್ಟರ್‌ಷೈರ್‌ನಲ್ಲಿ 1992ರಲ್ಲಿ ಮನಃಶಾಸ್ತ್ರಜ್ಞೆ ಜೂಲಿ ಸ್ಟೋಕ್ಸ್ 'ವಿನ್‌ಸ್ಟನ್ಸ್ ವಿಷ್' ಆರಂಭಿಸಿದರು. ಮಕ್ಕಳು ತಮ್ಮಂಥ ಇತರ ಮಕ್ಕಳೊಡನೆ ಶಿಬಿರದಲ್ಲಿ ಸೇರುತ್ತಿದ್ದರು. ಅಪ್ಪನ ಕನ್ನಡಕ, ಅಮ್ಮನ ಕೈಬರಹ ಇಂಥವನ್ನು ನೆನಪಿನ ಪೆಟ್ಟಿಗೆಯಲ್ಲಿ ಕೂಡಿಡಬಹುದು. ನಾವಾದರೋ 'ಅಜ್ಜ ಊರಿಗೆ ಹೋಗಿದ್ದಾರೆ' ಎಂದು ಮಗುವನ್ನು ಸಮಾಧಾನಪಡಿಸುತ್ತೇವೆ. ಮಗು ದಿನವೂ ದಾರಿ ನೋಡುತ್ತದೆ. ಕೊನೆಗೆ ತನ್ನಿಂದಲೇ ಏನೋ ತಪ್ಪಾಗಿದೆ ಎಂದುಕೊಳ್ಳುತ್ತದೆ. ವಯಸ್ಸಿಗೆ ತಕ್ಕ ಸತ್ಯವೇ ಮಗುವಿಗೆ ದೊಡ್ಡ ಆಸರೆ.

ಈ ಅಲೆ ನಮ್ಮ ತಾಯ್ನಾಡನ್ನೂ ಮುಟ್ಟಿದೆ. ಮುಂಬಯಿಯ ಶಾಂತಿ ಅವೇದನಾ 1986ರಲ್ಲಿ ಆರಂಭವಾಯಿತು. 1994ರಲ್ಲಿ ಸ್ಥಾಪನೆಯಾದ ಬೆಂಗಳೂರು ಹಾಸ್ಪೈಸ್ ಟ್ರಸ್ಟ್ ಕಟ್ಟಿದ 'ಕರುಣಾಶ್ರಯ' 1999ರಿಂದ, ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಕೇಳದೆ ನೋಡಿಕೊಳ್ಳುತ್ತಿದೆ.

ಒಂದು ಕಿಟಕಿ, ಒಂದು ಪತ್ರ, ಒಂದು ಲೋಟ ಚಹಾ: ಇವೆಲ್ಲ ಶುರುವಾದದ್ದು ಇಷ್ಟರಿಂದಲೇ. ವಾರ್ಷಿಕೋತ್ಸವದ ಈ ಹೊತ್ತಿನಲ್ಲಿ ನಮ್ಮನ್ನೇ ಕೇಳಿಕೊಳ್ಳೋಣ. ಯುಗಾದಿ, ದೀಪಾವಳಿ, ರಾಜ್ಯೋತ್ಸವಗಳಿಗೆ ನಾವು ತಪ್ಪದೆ ಸೇರುತ್ತೇವೆ. ಎರಡು ವರ್ಷದಿಂದ ಯಾವ ಕಾರ್ಯಕ್ರಮಕ್ಕೂ ಬಾರದ ಕುಟುಂಬ ಏಕೆ ಬರುತ್ತಿಲ್ಲ ಎಂದು ವಿಚಾರಿಸಿದ್ದೇವೆಯೆ? ಬಹುಶಃ ಮಾವನವರಿಗೆ ಮರೆವಿನ ಕಾಯಿಲೆ, ಬಿಟ್ಟುಬರಲು ಆಗುತ್ತಿಲ್ಲ. ಕನ್ನಡ ಮಾತ್ರ ಉಳಿದಿರುವ ಆ ಹಿರಿಯರ ಬಳಿ ಎರಡು ಗಂಟೆ ಕುಳಿತು ಊರಿನ ಸುದ್ದಿ ಮಾತಾಡಲು ಇಲ್ಲಿಯ ಯಾವ ದೊಡ್ಡ ಸಂಸ್ಥೆಗಿಂತಲೂ ನಾವೇ ತಕ್ಕವರು. ಅಷ್ಟರಲ್ಲಿ ಸೊಸೆ ಹೊರಗೆ ಹೋಗಿ ಗಾಳಿ ಕುಡಿದು ಬರಲಿ. ಭತ್ಯೆಯ ಅರ್ಜಿ ತುಂಬಲು ತಿಳಿದವರು ನೆರವಾಗಲಿ. ಸಾವಾದ ಮನೆಗೆ ಎರಡು ವಾರ ಸರದಿಯಂತೆ ಊಟ ಹೋಗಲಿ. ಎಲ್ಲರೂ ಮರೆಯುವ ಮೂರನೆಯ ತಿಂಗಳಲ್ಲಿ ಇನ್ನೊಮ್ಮೆ ಹೋಗಲಿ.

ಊರಿನಿಂದ ಬರುವಾಗ ನಾವು ಪೆಟ್ಟಿಗೆಯಲ್ಲಿ ಸಾರಿನಪುಡಿ ತರಲು ಮರೆಯಲಿಲ್ಲ. ಆ ಸಾರನ್ನು ಕ್ಯಾರಿಯರಿನಲ್ಲಿ ತುಂಬಿ, ಹೇಳಿಕಳುಹಿಸುವ ಮೊದಲೇ ಪಕ್ಕದ ಮನೆಗೆ ಒಯ್ಯುವ ಪದ್ಧತಿಯನ್ನೂ ಮರೆಯದಿರೋಣ.